ಗುರುವಾರದ ಬಾರು

ಹೋದ ತಿಂಗಳು ನನ್ನ ಝೆರಾಕ್ಸ್ ಅಂಗಡಿಗೆ ಒಬ್ಬ ಹೆಣ್ಣುಮಗಳು ಒಂದು ಕಟ್ಟು ಕಾಗದ ತಂದಳು. ವಾಸ್ಕೋದ ಪೇಟೆಯ ಹಿಂದೆ ಸಣ್ಣದೊಂದು ಬಾರು ತೆರೆಯುತ್ತಿದ್ದಾಳಂತೆ. ಎಲ್ಲದರದ್ದೂ ಮೂರು ಮೂರು ಪ್ರತಿ ಬೇಕು ಎಂದಳು. ಮನೆಯ ಕರದ ರಸೀದಿ, ಮಾಲೀಕರ ಒಪ್ಪಿಗೆ ಪತ್ರ, ಜಾಗದ ನಕ್ಷೆ... ಒಂದೊಂದನ್ನೇ ಗಾಜಿನ ಮೇಲೆ ಮಗುಚಿ ಹಾಕುತ್ತ ಬಂದವನು ಕೊನೆಯ ಹಾಳೆ ಹಿಡಿದು ನಿಂತುಬಿಟ್ಟೆ. ಅದು ಧ್ವನಿವರ್ಧಕ ಹಚ್ಚಲು ಅನುಮತಿ ಕೇಳುವ ಇಂಗ್ಲಿಷ್ ಅರ್ಜಿ. ನಡುವೆ ಒಂದು ಸಾಲಿನಲ್ಲಿ ಮನರಂಜನೆ ಯಾವ ಬಗೆಯದು ಎಂದು ಕೇಳಿದ್ದರು. ಅದರ ಮುಂದಿನ ಜಾಗವನ್ನು ಅವಳು ಇನ್ನೂ ತುಂಬಿರಲಿಲ್ಲ.

ಆ ಒಂದು ಸಾಲು ತುಂಬಲು ನಾನೂ ಕಾಕಾನೂ ಒಮ್ಮೆ ಮಧ್ಯಾಹ್ನ ಪೂರ್ತಿ ತಲೆ ಕೆರೆದುಕೊಂಡು ಕೂತಿದ್ದೆವು. ಅದು ನೆನಪಾಯಿತು. ಮಶಿನ್ನು ಬಿಸಿಯಾಗಿ ಕಾದ ಕಾಗದದ ವಾಸನೆ ಬರುತ್ತಿತ್ತು. ಹೆಣ್ಣುಮಗಳು ಎರಡು ಸಲ ಕರೆದ ಮೇಲೆ ನಾನು ಎಚ್ಚರಗೊಂಡು ಪ್ರತಿ ತೆಗೆದುಕೊಟ್ಟೆ, ಚಿಲ್ಲರೆ ಕೊಟ್ಟೆ, ಅವಳು ಹೋದಳು. ನನಗೆ ವಿಶೇಷವೇನೂ ಅನಿಸಲಿಲ್ಲ. ಅನಿಸದೆ ಇದ್ದದ್ದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಕಾಕಾ ಎಂದರೆ ನನ್ನ ಸ್ವಂತ ಕಾಕಾ ಅಲ್ಲ. ಮುರ್ಮುಗಾಂವ್ ಬಂದರಿನ ರಸ್ತೆಯಿಂದ ಎರಡು ಓಣಿ ಒಳಗೆ ಒಂದು ಬಾರು ನಡೆಸುತ್ತಿದ್ದವರು. ಮುದ್ದೇಬಿಹಾಳದ ಕಡೆಯವರು. ನಮ್ಮ ಕಡೆಯ ಮಂದಿಯೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದರು, ಕೇಳಿ ಕೇಳಿ ಗೋವಾದವರೂ ಹಾಗೇ ಕರೆಯುತ್ತಿದ್ದರು. ಹರೆಯದಲ್ಲಿ ಬಂದರಿಗೆ ಚೀಲ ಹೊರಲು ಬಂದಿದ್ದರಂತೆ. ಬೆನ್ನು ಕೈಕೊಟ್ಟ ಮೇಲೆ ಅದೇ ಬಾರಿನಲ್ಲಿ ಗ್ಲಾಸು ತೊಳೆಯಲು ನಿಂತರು, ಆಮೇಲೆ ಟೇಬಲ್ಲಿಗೆ ಕೊಡಲು ಶುರು ಮಾಡಿದರು, ಆಮೇಲೆ ಗಲ್ಲೆಯಲ್ಲಿ ಕೂತು ಹಣ ನೋಡಿಕೊಂಡರು. ಬಾರಿನ ಯಜಮಾನ, ಒಬ್ಬ ಗೋವಾದ ಮುದುಕ, ತೀರಿಕೊಂಡಾಗ ಅವನ ಹೆಂಡತಿ ಮಹಡಿಯಿಂದ ಇಳಿದು ಬಂದು ಕಾಕಾನಿಗೆ ಬಾರು ನೀನೇ ನಡೆಸು ಎಂದಳು. ಲೈಸೆನ್ಸು ಅವಳ ಹೆಸರಿನಲ್ಲಿ, ಬಾಡಿಗೆ ತಿಂಗಳಿಗೊಮ್ಮೆ ಅವಳ ಕೈಗೆ, ಉಳಿದದ್ದು ಕಾಕಾನದು. ಹೀಗೆ ಗ್ಲಾಸು ತೊಳೆದವರು ಗಲ್ಲೆಯ ಹಿಂದಿನ ಕುರ್ಚಿಗೆ ಬಂದು ಕೂತರು. ಅವರು ಮಾತ್ರ ಒಂದು ದಿನವೂ ಕುಡಿದವರಲ್ಲ. ಇಷ್ಟು ಗ್ಲಾಸು ತೊಳೆದ ಮೇಲೆ ಕುಡಿಯುವ ಮನಸ್ಸು ಎಲ್ಲಿಂದ ಬರಬೇಕು ಎನ್ನುತ್ತಿದ್ದರು.

ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಕಾಕು ಅದೇ ಓಣಿಯ ಕೊನೆಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದರು. ಬಾರಿನಿಂದ ನೂರು ಹೆಜ್ಜೆಯೂ ಇರಲಿಲ್ಲ. ಆದರೆ ಒಂದು ದಿನವೂ ಅದರ ಹೊಸ್ತಿಲು ತುಳಿದವರಲ್ಲ. ಊರಿನಲ್ಲಿ ಯಾರಾದರೂ ಕೇಳಿದರೆ ನಮ್ಮವರದು ಗೋವಾದಲ್ಲಿ ಹೋಟೆಲ್ಲಿದೆ ಎಂದು ಹೇಳಿಬಿಡುತ್ತಿದ್ದರು. ಕಾಕಾನಿಗೆ ಇದು ಗೊತ್ತಿತ್ತು. ಅದರ ಬಗ್ಗೆ ಅವರು ನಗುತ್ತಲೂ ಇದ್ದರು, ಆದರೆ ಆ ನಗು ನನಗೆ ಎಂದೂ ಪೂರ್ತಿ ಅನಿಸಲಿಲ್ಲ.

ಬಾರಿನಲ್ಲಿ ಎಂಟು ಟೇಬಲ್ಲು. ಮೇಲೆ ಎರಡು ಫ್ಯಾನು, ಮೂಲೆಯಲ್ಲಿ ಬಿಯರಿನ ಫ್ರಿಜ್ಜು, ಹಿಂದೆ ಮೀನು ಹುರಿಯುವ ಅಡುಗೆಮನೆ. ಅದಿರಿನ ಕೆಲಸ ಜೋರಾಗಿದ್ದ ಕಾಲದಲ್ಲಿ ಲಾರಿ ಡ್ರೈವರುಗಳು, ಅದಿರು ಸಾಗಿಸುವ ಬಾರ್ಜು ದೋಣಿಯವರು, ಹಮಾಲರು ಸಂಜೆ ಐದಕ್ಕೇ ಬಂದು ಕುರ್ಚಿ ಹಿಡಿಯುತ್ತಿದ್ದರಂತೆ. ನನಗೆ ಕಾಕಾನ ಪರಿಚಯವಾಗುವ ಹೊತ್ತಿಗೆ ಗಣಿಗಳು ಮುಚ್ಚಿ ಅದಿರು ನಿಂತುಹೋಗಿತ್ತು. ಲಾರಿಗಳು ರಸ್ತೆಯ ಬದಿಗೆ ನಿಂತಲ್ಲೇ ನಿಂತು ಟೈರಿನ ಸುತ್ತ ಹುಲ್ಲು ಬೆಳೆದಿತ್ತು. ಕೆಲಸವಿಲ್ಲದವನು ಕುಡಿಯುವುದನ್ನು ಬಿಡುವುದಿಲ್ಲ, ಬಾರಿಗೆ ಬರುವುದನ್ನು ಬಿಡುತ್ತಾನೆ. ವೈನ್ ಶಾಪಿನಲ್ಲಿ ಒಂದು ಕ್ವಾರ್ಟರ್ ಕೊಂಡು ಮನೆಗೆ ಹೋಗುತ್ತಾನೆ, ಅಲ್ಲಿ ಅಗ್ಗ.

ಕಾಕಾ ಯಾವ ಖರ್ಚನ್ನೂ ರೂಪಾಯಿಯಲ್ಲಿ ಹೇಳುತ್ತಿರಲಿಲ್ಲ, ಕ್ವಾರ್ಟರಿನಲ್ಲಿ ಹೇಳುತ್ತಿದ್ದರು. ಬಾಡಿಗೆ ಇಷ್ಟು ಕ್ವಾರ್ಟರು, ಫ್ರಿಜ್ಜಿನ ಕರೆಂಟು ಇಷ್ಟು ಕ್ವಾರ್ಟರು, ಅಡುಗೆಯವನು ಇಷ್ಟು ಕ್ವಾರ್ಟರು. ಅಷ್ಟು ಮಾರಿದರೆ ಆ ಖರ್ಚು ಹುಟ್ಟುತ್ತದೆ ಎಂದು ಅರ್ಥ. ಹಾಗೆಂದು ಬಾಟಲಿಯಲ್ಲಿ ದೊಡ್ಡ ಲಾಭವೇನೂ ಇಲ್ಲ ಎಂದು ಅವರೇ ನನಗೆ ಬಿಡಿಸಿ ಹೇಳಿದ್ದರು. ಲಾಭ ಇರುವುದು ಸೋಡಾದಲ್ಲಿ, ಶೇಂಗಾದಲ್ಲಿ, ಹುರಿದ ಬಂಗಡೆಯಲ್ಲಿ. ಅವು ಮಾರಾಟವಾಗಬೇಕಾದರೆ ಬಂದವನು ಎರಡನೆಯ ಗ್ಲಾಸಿನ ತನಕ ಕೂಡಬೇಕು. ಮೊದಲನೆಯದಕ್ಕೇ ಎದ್ದು ಹೋದರೆ ಅವನು ಬಂದರೂ ಒಂದೇ, ಬರದಿದ್ದರೂ ಒಂದೇ.

"ಮಂದಿ ಇಲ್ಲಿಗಿ ಕುಡ್ಯಾಕ ಬರಂಗಿಲ್ಲೋ ತಮ್ಮಾ," ಎಂದಿದ್ದರು ಒಮ್ಮೆ. "ಕುಂದ್ರಾಕ ಬರ್ತಾರ. ಕುಂತ್ರಂದ್ರ ತಾವ ಕುಡಿತಾರ."

ಮಂದಿಯನ್ನು ಕೂಡಿಸಲು ಹಾಡು ಬೇಕು ಎಂದು ಅವರಿಗೆ ಹೊಳೆದದ್ದು ಹೀಗೆ. ಕಲಂಗುಟ್ ಕಡೆಯ ಬಾರುಗಳಲ್ಲೆಲ್ಲ ಹಾಡುಗಾರರಿರುತ್ತಾರೆ, ಅಲ್ಲಿ ಒಂದು ಬಿಯರಿಗೆ ಬಂದವನು ನಾಲ್ಕು ಕುಡಿದು ಏಳುತ್ತಾನೆ ಎಂದು ಯಾರೋ ಹೇಳಿದ್ದರು. ಕಾಕಾ ಅಲ್ಲಿಂದಲೇ ಒಬ್ಬನನ್ನು ಕರೆಸಿದರು. ಒಬ್ಬನೇ ಕೀಬೋರ್ಡು ನುಡಿಸಿ ಹಾಡುವವನು, ತಾಳವೂ ಅದೇ ಪೆಟ್ಟಿಗೆಯಿಂದ ಬರುತ್ತಿತ್ತು. ಚೆನ್ನಾಗಿಯೇ ಹಾಡುತ್ತಿದ್ದ. ನಮ್ಮ ಹಮಾಲರು ಬಾಗಿಲಲ್ಲಿ ನಿಂತು ಒಂದು ಇಂಗ್ಲಿಷ್ ಹಾಡು ಕೇಳಿ, ಬಹಳ ದೊಡ್ಡವರ ಜಾಗವಾಯಿತು ಇದು ಎಂದುಕೊಂಡು ಪಕ್ಕದ ಬಾರಿಗೆ ಹೋದರು. ಅವನ ಸಂಬಳ, ಊಟ, ಹೋಗಿಬರುವ ಖರ್ಚು ಸೇರಿ ಸಂಜೆಗೆ ಎಪ್ಪತ್ತು ಕ್ವಾರ್ಟರ್ ಎಂದು ಕಾಕಾ ಹೇಳಿದ್ದರು. ಮಾರಾಟವಾದದ್ದು ಇಪ್ಪತ್ತೂ ಇರಲಿಲ್ಲ. ಎರಡು ಶನಿವಾರಕ್ಕೆ ಅದು ಮುಗಿಯಿತು.

ಅಷ್ಟರಲ್ಲಿ ಮಹಡಿಯ ಮುದುಕಿ, ಲೈಸೆನ್ಸಿನ ಒಡತಿ, ಒಂದು ಮಾತು ಹೇಳಿದಳು. ಅವಳ ಮಗ ಹೊರದೇಶದಲ್ಲಿದ್ದ. ಆ ಜಾಗವನ್ನು ಮೊಬೈಲ್ ಅಂಗಡಿಯವರು ಕೇಳುತ್ತಿದ್ದಾರೆ, ಹೆಚ್ಚಿನ ಬಾಡಿಗೆ ಕೊಡುತ್ತಾರೆ, ಕೊಟ್ಟುಬಿಡು ಎಂದು ಅವನು ಫೋನಿನಲ್ಲಿ ಹಟ ಹಿಡಿದಿದ್ದನಂತೆ. ಮುದುಕಿಗೆ ಕಾಕಾನ ಮೇಲೆ ಪ್ರೀತಿ ಇತ್ತು. ಮಾರ್ಚಿನಲ್ಲಿ ಲೈಸೆನ್ಸು ಹೊಸದು ಮಾಡಿಸುವ ತನಕ ಸಮಯ ಕೊಡುತ್ತೇನೆ, ಅಷ್ಟರಲ್ಲಿ ಬಾರು ಚೇತರಿಸಿಕೊಂಡರೆ ನಿನ್ನದೇ, ಇಲ್ಲದಿದ್ದರೆ ನಾನೂ ಏನು ಮಾಡಲಿ ಎಂದಳು. ಆಗ ನವೆಂಬರ್.

ನಾನು ಆಗ ಬಾರ್ಜುಗಳ ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದೆ. ಅದಿರು ನಿಂತ ಮೇಲೆ ಬಾರ್ಜಿನ ಮಾಲೀಕರು ತುಕ್ಕಿನ ಗೊಡವೆಗೂ ಹೋಗುತ್ತಿರಲಿಲ್ಲ. ವಾರಕ್ಕೆ ಎರಡು ದಿನ ಕೆಲಸ ಸಿಕ್ಕರೆ ಹೆಚ್ಚು. ನನಗೆ ಬರುತ್ತಿದ್ದ ಇನ್ನೊಂದು ವಿದ್ಯೆ ಎಂದರೆ ಹಾರ್ಮೋನಿಯಂ ಹಿಡಿದು ತತ್ವಪದ ಹಾಡುವುದು. ಊರಿನ ಭಜನೆಯ ಮೇಳದಲ್ಲಿ ಕಲಿತದ್ದು. ಇಲ್ಲಿ ನಮ್ಮ ಮಂದಿಯ ಓಣಿಯಲ್ಲಿ ಸೋಮವಾರ ಸೋಮವಾರ ಹಾಡುತ್ತಿದ್ದೆ. ಕಾಕಾ ಒಂದು ಸೋಮವಾರ ಬಂದು ಹಿಂದೆ ಕೂತು ಕೇಳಿದರು. ನನ್ನ ಪದಕ್ಕಿಂತ ಹೆಚ್ಚಾಗಿ ಅಲ್ಲಿ ಕೂತ ತಲೆಗಳನ್ನು ನೋಡಿದರು ಎಂದು ನನಗೆ ಆಮೇಲೆ ಗೊತ್ತಾಯಿತು. ಎಪ್ಪತ್ತು ಎಂಬತ್ತು ಜನ, ಮೂರು ತಾಸು, ಒಬ್ಬನೂ ಎದ್ದು ಹೋಗಿರಲಿಲ್ಲ.

ಮರುದಿನ ನನ್ನನ್ನು ಕರೆದು ಗುರುವಾರ ಸಂಜೆ ಬಾರಿನಲ್ಲಿ ಹಾಡುತ್ತೀಯಾ ಎಂದು ಕೇಳಿದರು. ಗುರುವಾರ ವ್ಯಾಪಾರ ತೀರ ಕಡಿಮೆ, ಹೋದರೆ ಏನೂ ಹೋಗುವುದಿಲ್ಲ. ನನಗೆ ಕೊಡುವುದು ಸಂಜೆಗೆ ಮೂವತ್ತು ಕ್ವಾರ್ಟರಿನಷ್ಟು, ಜೊತೆಗೆ ಊಟ. ಬಾರಿನಲ್ಲಿ ಪದ ಹಾಡುವುದೇ ಎಂದು ಒಂದು ಕ್ಷಣ ಅಳುಕಿದೆ. ಹೊಟ್ಟೆ ಅಳುಕಲಿಲ್ಲ, ಒಪ್ಪಿದೆ. ಆಮೇಲೆ ಆ ಅರ್ಜಿ ತುಂಬಲು ಕೂತೆವು. ಮನರಂಜನೆ ಯಾವ ಬಗೆಯದು? ಭಕ್ತಿಗೀತೆ ಎಂದು ಬರೆದರೆ ಬಾರಿಗೆ ಯಾರು ಅನುಮತಿ ಕೊಡುತ್ತಾರೆ ಎಂದರು ಕಾಕಾ. ಸಿನಿಮಾ ಹಾಡು ಎಂದು ಬರೆದರೆ ಸುಳ್ಳಾಗುತ್ತದೆ ಎಂದೆ ನಾನು. ಅಡುಗೆಯವನನ್ನೂ ಕೇಳಿ ನೋಡಿದೆವು. ಕಡೆಗೆ ಜನಪದ ಸಂಗೀತ ಎಂದು ಬರೆದು ಕಳಿಸಿದೆವು. ಅನುಮತಿ ಬಂತು.

ಮೊದಲ ಗುರುವಾರ ಆರೂವರೆಗೆ ಎಂಟೂ ಟೇಬಲ್ಲು ತುಂಬಿದವು. ಬಾಗಿಲ ಹೊರಗೂ ಜನ. ಕಾಕಾ ಬಿಳಿ ಅಂಗಿ ಹಾಕಿಕೊಂಡಿದ್ದರು. ಮೊದಲ ಸುತ್ತಿನ ಕ್ವಾರ್ಟರುಗಳು ಟೇಬಲ್ಲಿಗೆ ಹೋದವು, ಸೋಡಾ ಬಾಟಲಿಗಳ ಮುಚ್ಚಳಗಳು ಸಾಲಾಗಿ ಹಾರಿದವು. ನಾನು ಮೂಲೆಯಲ್ಲಿ ಒಂದು ಮಂಚದಂಥ ಹಲಗೆಯ ಮೇಲೆ ಕೂತು, ರೂಢಿಯಂತೆ ಕಣ್ಣು ಮುಚ್ಚಿ ಗುರುಸ್ತುತಿ ಎತ್ತಿಕೊಂಡೆ.

ನಮ್ಮ ಕಡೆಯ ಭಜನೆಯ ಕಟ್ಟು ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಭಜನೆ ಶುರುವಾಗುವುದು ಗುರುವನ್ನು ನೆನೆಯುವ ಒಂದು ಪದದಿಂದ. ಅದನ್ನು ಹಾಡಿದ ಮೇಲೆ ಕೊನೆಯ ಮಂಗಳ ಹಾಡುವ ತನಕ ಆ ಜಾಗ, ಅದು ಕಟ್ಟೆಯಿರಲಿ ಕಣವಿರಲಿ, ಗುರುವಿನ ಜಾಗ. ಯಾರೂ ಚಪ್ಪಲಿ ಹಾಕಿಕೊಳ್ಳುವುದಿಲ್ಲ, ಬೀಡಿ ಸೇದುವುದಿಲ್ಲ, ಕುಡಿದು ಕೂಡುವುದಂತೂ ಇಲ್ಲವೇ ಇಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನಾನು ಕಣ್ಣು ತೆರೆದಾಗ ಹಮಾಲರ ಪೈಕಿ ಹಿರಿಯರಾದ ಒಬ್ಬ ಚಾಚಾ, ವಿಜಯಪುರದವರು, ತಮ್ಮ ಗ್ಲಾಸನ್ನು ಟೇಬಲ್ಲಿನ ಕೆಳಗೆ ಇಟ್ಟು ಚಪ್ಪಲಿ ಬಿಡುತ್ತಿದ್ದರು. ಅವರನ್ನು ನೋಡಿ ಪಕ್ಕದವನು ಇಟ್ಟ. ಗುರುಸ್ತುತಿ ಮುಗಿಯುವಷ್ಟರಲ್ಲಿ ಬಾರಿನ ಒಂದು ಟೇಬಲ್ಲಿನ ಮೇಲೂ ಗ್ಲಾಸಿರಲಿಲ್ಲ.

ಎರಡೂವರೆ ತಾಸು ಹಾಡಿದೆ. ನನ್ನ ಜೀವನದಲ್ಲಿ ನನ್ನ ಪದವನ್ನು ಅಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ. ನಡುವೆ ಯಾರೋ ಚಾ ಕೇಳಿದರು. ಬಾರಿನಲ್ಲಿ ಚಾ ಇರಲಿಲ್ಲ, ಕಾಕಾ ಎದುರಿನ ಅಂಗಡಿಯಿಂದ ತರಿಸಿ ಕೊಟ್ಟರು. ಅದರಲ್ಲಿ ಅವರಿಗೆ ಉಳಿದದ್ದೇನೂ ಇಲ್ಲ. ಮಂಗಳ ಮುಗಿದ ಮೇಲೆ ಮಂದಿ ಕಾಕಾನಿಗೆ ಕೈಮುಗಿದು, ಅರ್ಧ ಉಳಿದ ಗ್ಲಾಸುಗಳನ್ನು ಹಾಗೇ ಬಿಟ್ಟು ಮನೆಗೆ ಹೋದರು.

ಕಾಕಾ ಆ ಸಂಜೆ ಬೇಸರ ಮಾಡಿಕೊಳ್ಳಲಿಲ್ಲ. ಮೊದಲ ಸಲವಲ್ಲವೇ, ಮಂದಿಗೆ ನಾಚಿಕೆ, ರೂಢಿಯಾದ ಮೇಲೆ ಕುಡಿಯುತ್ತಾರೆ ಎಂದರು. ಎರಡನೆಯ ಗುರುವಾರ ಇನ್ನೂ ಹೆಚ್ಚು ಜನ ಬಂದರು, ಬರುವಾಗಲೇ ಚಪ್ಪಲಿ ಹೊರಗೆ ಬಿಟ್ಟು ಬಂದರು. ಯಾರೋ ಊದುಬತ್ತಿ ತಂದು ಫ್ರಿಜ್ಜಿನ ಮೇಲೆ ಹಚ್ಚಿದರು. ಮೊದಲ ಒಂದು ತಾಸು ಬರೀ ಕುಡಿಯಲು, ಪದ ಆಮೇಲೆ ಎಂದು ಕಾಕಾ ಹೊತ್ತು ಬದಲಿಸಿ ನೋಡಿದರು. ಜನ ಆ ಒಂದು ತಾಸು ತಡವಾಗಿ ಬಂದರು. ಅಡುಗೆಮನೆಯಲ್ಲಿ ಮೀನಿನ ಬದಲು ಮಿರ್ಚಿ ಭಜಿ ಮಾಡಿಸಿದರು, ಚಾ ಅಲ್ಲೇ ಕುದಿಸಿದರು. ಮಿರ್ಚಿ ಖರ್ಚಾಯಿತು, ಚಾ ಖರ್ಚಾಯಿತು. ಆದರೆ ಮಿರ್ಚಿ ಮಾರಿ ಬಾರಿನ ಲೈಸೆನ್ಸಿನ ದುಡ್ಡು ಕಟ್ಟಲಿಕ್ಕಾಗುತ್ತದೆಯೇ.

ಇನ್ನೂ ಒಂದು ಏಟು ನಾವು ಯಾರೂ ನೆನೆಸದ ಕಡೆಯಿಂದ ಬಿತ್ತು. ಗುರುವಾರ ಬರುತ್ತಿದ್ದವರು ಉಳಿದ ದಿನ ಬರುವುದನ್ನು ನಿಲ್ಲಿಸಿದರು. ಶುಕ್ರವಾರ ಸಂಜೆ ಚಾಚಾ ಮುಂದಿನ ಬಾರಿನಿಂದ ಬಾಯಿ ಒರೆಸಿಕೊಳ್ಳುತ್ತ ಹೊರಬಂದದ್ದನ್ನು ನಾನೇ ನೋಡಿದೆ. ನಿನ್ನೆ ಪದ ಕೇಳಿದ ಜಾಗದಲ್ಲಿ ಇವತ್ತು ಹೇಗೆ ಕುಡಿಯುವುದು ಎಂದರು ನಾಚಿಕೊಂಡು. ಕಾಕಾನ ಬಾರು ತುಂಬಿದ್ದರಿಂದ ಓಣಿಯ ಬೇರೆ ಬಾರುಗಳಿಗೆ ವ್ಯಾಪಾರ ಹೆಚ್ಚಾಯಿತು.

ಆಮೇಲೆ ಹೆಂಗಸರು ಬರತೊಡಗಿದರು. ಗಂಡಂದಿರು ಬಾರಿನಿಂದ ಕುಡಿಯದೆ ಬರುತ್ತಿದ್ದಾರೆಂದರೆ ನೋಡಬೇಕಲ್ಲ. ಮೊದಲು ಮೆಟ್ಟಿಲ ಮೇಲೆ, ಆಮೇಲೆ ಒಳಗೆ, ಕುರ್ಚಿ ಸರಿಸಿ ನೆಲದ ಮೇಲೆ ಕೂತರು. ಕಲಂಗುಟ್ ಬೀಚಿನಲ್ಲಿ ಮಣಿಸರ ಮಾರುವ ಹೆಣ್ಣುಮಕ್ಕಳು ಬಸ್ಸು ಹಿಡಿದು ಬಂದರು. ಡಿಸೆಂಬರಿನ ಒಂದು ಗುರುವಾರ, ತಲೆಯ ಮೇಲೆ ಸೆರಗು ಹೊದ್ದು, ಕಾಕು ಬಂದರು. ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಕಾಲಿಟ್ಟರು. ಬಾರಿನ ಹೊಸ್ತಿಲು... ಕಾಕಾ ಗಲ್ಲೆಯ ಹಿಂದೆ ನಿಂತಿದ್ದರು. ಏನು ಮಾಡಬೇಕೆಂದು ತಿಳಿಯದೆ ಫ್ರಿಜ್ಜಿನ ಬಾಗಿಲು ತೆರೆದರು, ಮುಚ್ಚಿದರು. ಆಮೇಲೆ ತಮ್ಮ ಕುರ್ಚಿಯನ್ನು ಎತ್ತಿ ತಂದು ಕಾಕುಗೆ ಹಾಕಿದರು. ಅವರು ಕುರ್ಚಿ ಬೇಡವೆಂದು ನೆಲದ ಮೇಲೆ ಕೂತರು.

ಆ ಸಂಜೆ ಕಾಕಾನಷ್ಟು ಸುಖವಾಗಿದ್ದ ಮನುಷ್ಯನನ್ನು ನಾನು ನೋಡಿಲ್ಲ. ಆ ಸಂಜೆ ಬಾರಿನಲ್ಲಿ ಒಂದು ಕ್ವಾರ್ಟರೂ ಹೋಗಲಿಲ್ಲ.

ಜನವರಿಯ ಹೊತ್ತಿಗೆ ಅವರು ಕ್ವಾರ್ಟರಿನ ಲೆಕ್ಕ ಹೇಳುವುದನ್ನು ನಿಲ್ಲಿಸಿದ್ದರು. ಟೇಬಲ್ಲಿಗೆ ಕೊಡುವ ಹುಡುಗ ಬೇರೆ ಕಡೆ ಹೋದ, ಅವನ ಕೆಲಸವನ್ನು ಕಾಕಾನೇ ಮಾಡತೊಡಗಿದರು. ನನಗೆ ಕೊಡುವುದನ್ನು ಮಾತ್ರ ಒಂದು ವಾರವೂ ತಡ ಮಾಡಲಿಲ್ಲ. ಗುರುವಾರದ ಪದ ನಿಲ್ಲಿಸಿಬಿಡಿ ಎಂದು ಅಡುಗೆಯವನು ಹೇಳಿದ್ದನಂತೆ. ನಿಲ್ಲಿಸುವುದು ಸುಲಭವಿತ್ತು. ಆದರೆ ಕಾಕು ಈಗ ಪ್ರತಿ ಗುರುವಾರ ಬರುತ್ತಿದ್ದರು. ಊರಿಗೆ ಫೋನು ಮಾಡಿದಾಗ ನಮ್ಮವರ ಜಾಗದಲ್ಲಿ ಭಜನೆ ನಡೆಯುತ್ತದೆ ಎಂದು ಹೇಳುತ್ತಿದ್ದರಂತೆ.

ಫೆಬ್ರವರಿ ಕೊನೆಯ ವಾರ, ಬುಧವಾರ ಮಧ್ಯಾಹ್ನ, ಕಾಕಾ ನನ್ನನ್ನು ಕರೆದರು. ಬಾರು ಖಾಲಿ. ನನ್ನ ಮುಂದೆ ಒಂದು ತಾಟು ಅನ್ನ ಸಾರು ಇಟ್ಟರು. ಮುದುಕಿ ಮೊನ್ನೆ ಕೆಳಗೆ ಬಂದಿದ್ದಳಂತೆ. ಬರುವ ತಿಂಗಳ ಗುರುವಾರಗಳು ಕೈಹಿಡಿದರೆ ಅವಳು ಮಗನಿಗೆ ಏನಾದರೂ ಹೇಳಿಕೊಳ್ಳುತ್ತಾಳೆ. ಇಷ್ಟು ಮಂದಿ ಬರುತ್ತಾರೆ, ಬಂದವರು ಒಂದೊಂದೇ ಗ್ಲಾಸು ಕುಡಿದರೂ ಸಾಕು. ಅದನ್ನೆಲ್ಲ ಹೇಳಿ ಮುಗಿಸಿ, ನನ್ನ ಮುಖ ನೋಡದೆ ಟೇಬಲ್ಲು ಒರೆಸುತ್ತ ಕೇಳಿದರು.

"ತಮ್ಮಾ, ಆ ಮೊದಲಿನ ಗುರುಸ್ತುತಿ ಒಂದ ಬಿಟ್ಟು ಹಾಡಾಕ ಬರ್ತೈತೇನು? ಉಳದದ್ದೆಲ್ಲಾ ಹಾಡು. ಅದೊಂದ."

ಅವರು ಎಷ್ಟು ದಿನ ಯೋಚಿಸಿ ಅದನ್ನು ಕಂಡುಹಿಡಿದಿದ್ದರೋ. ಸರಿಯಾಗಿಯೇ ಕಂಡುಹಿಡಿದಿದ್ದರು. ಗುರುಸ್ತುತಿ ಇಲ್ಲದಿದ್ದರೆ ಅದು ಭಜನೆಯಲ್ಲ, ಬರೀ ಪದ. ಹೊಲದಲ್ಲಿ, ಲಾರಿಯಲ್ಲಿ, ಎಲ್ಲಿ ಬೇಕಾದರೂ ಹಾಡಿಕೊಳ್ಳುವ ಪದ. ಅದನ್ನು ಕೇಳುತ್ತ ಒಂದು ಗ್ಲಾಸು ಕುಡಿದರೆ ಚಾಚಾನಿಗೂ ಅಳುಕಿರಲಿಲ್ಲ. ಕಾಕುಗೆ ಏನು ಹೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಅದನ್ನೂ ಯೋಚಿಸಿಯೇ ಕೇಳಿರಬೇಕು.

"ನಾಲಿಗಿ ಏಳಂಗಿಲ್ರಿ ಕಾಕಾ," ಎಂದೆ.

ಇದು ಭಕ್ತಿಯೆಂದು ಆಗ ನಾನೂ ನಂಬಿದ್ದೆ. ಈಗ ಬಿಡಿಸಿ ನೋಡಿದರೆ ಅದರಲ್ಲಿ ಭಕ್ತಿ ಎಷ್ಟಿತ್ತೋ. ನಾನು ಕಣ್ಣು ಮುಚ್ಚಿ ಗುರುಸ್ತುತಿ ಎತ್ತಿದ ಕೂಡಲೇ ಅಷ್ಟು ಜನ ಗ್ಲಾಸು ಕೆಳಗಿಡುತ್ತಿದ್ದರು. ತುಕ್ಕು ಕೆರೆಯುವವನಿಗೆ ಅಂಥ ಮರ್ಯಾದೆ ಬೇರೆ ಎಲ್ಲಿ ಸಿಗಬೇಕು. ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ.

ಕಾಕಾ ಒತ್ತಾಯ ಮಾಡಲಿಲ್ಲ. "ಹೋಗ್ಲಿ ಬಿಡು," ಎಂದು ನನ್ನ ತಾಟು ಎತ್ತಿಕೊಂಡು ಹೋಗಿ ತಾವೇ ತೊಳೆದರು. ಮರುದಿನ ನಾನು ಗುರುಸ್ತುತಿ ಹಾಡಿದೆ, ಮಂದಿ ಗ್ಲಾಸು ಕೆಳಗಿಟ್ಟರು, ಕಾಕು ಮುಂದಿನ ಸಾಲಿನಲ್ಲಿ ಕೂತು ಕಣ್ಣು ಒರೆಸಿಕೊಂಡರು. ಮಾರ್ಚ್ ಮುಗಿಯಿತು. ಬಾರಿನ ಬೋರ್ಡು ಇಳಿಸಿದ ದಿನ ನಾನು ಅಲ್ಲಿಗೆ ಹೋಗಲಿಲ್ಲ. ಎಂಟು ಟೇಬಲ್ಲುಗಳನ್ನು ಒಬ್ಬ ಗುಜರಿಯವನು ಟೆಂಪೊದಲ್ಲಿ ಒಯ್ದನೆಂದು ಕೇಳಿದೆ.

ಕಾಕಾನ ಬಾರಿಗೆ ಗುರುವಾರ ಒಮ್ಮೆ ಕಲಂಗುಟ್ಟಿನ ಒಂದು ದೊಡ್ಡ ರೆಸ್ಟೋರೆಂಟಿನ ಮ್ಯಾನೇಜರ್ ಬಂದು ನನ್ನ ಹಾಡು ಕೇಳಿ ಹೋಗಿದ್ದ. ಆ ವರ್ಷದ ಮಳೆಗಾಲ ಕಳೆದ ಮೇಲೆ ಅವನು ನನ್ನನ್ನು ಕರೆಸಿದ. ಒಬ್ಬ ಗಿಟಾರಿನವನು, ಮರದ ಪೆಟ್ಟಿಗೆಯ ಮೇಲೆ ಕೂತು ಬಡಿಯುವವನೊಬ್ಬ, ನಡುವೆ ನಾನು. ಊರಿನ ಪದಗಳನ್ನೇ ಹಾಡು, ಟೂರಿಸ್ಟರಿಗೆ ಹೊಸದೆನಿಸುತ್ತದೆ ಎಂದ. ಶುರುವಿನ ನಿಧಾನದ ಹಾಡು ಬೇಡ, ಕೊನೆಯದೂ ಬೇಡ, ನಡುವಿನವು ನಾಲ್ಕು ಸಾಕು ಎಂದ. ನಾನು ಆಗಲಿ ಎಂದೆ. ಒಂದು ದಿನವೂ ಯೋಚಿಸಲಿಲ್ಲ. ಇವರಿಗೆ ನಮ್ಮ ಕಟ್ಟು ಗೊತ್ತಿಲ್ಲ, ಗೊತ್ತಿಲ್ಲದವರ ಮುಂದೆ ಬಿಟ್ಟರೆ ದೋಷವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾಲಿಗೆ ಚೆನ್ನಾಗಿ ಎದ್ದಿತು. ಎರಡು ವರ್ಷ ಹಾಡಿದೆ. ಈ ಝೆರಾಕ್ಸ್ ಮಶಿನ್ನು ಆ ದುಡ್ಡಿನದು.

ಆ ಎರಡು ವರ್ಷಗಳಲ್ಲಿ ಕಾಕಾನನ್ನು ಒಂದೇ ಸಲ ನೋಡಿದೆ. ಅವರು ಪರ್ವರಿಯಲ್ಲಿ ಒಂದು ಹೋಟೆಲಿನ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಯಾರೋ ನನ್ನ ವಿಷಯ ಹೇಳಿದರಂತೆ, ಒಂದು ಸಂಜೆ ಹೊತ್ತು ಮುಳುಗುವ ಸಮಯಕ್ಕೆ ಬಂದು ಹಿಂದಿನ ಟೇಬಲ್ಲಿನಲ್ಲಿ ಕೂತಿದ್ದರು. ಅದೇ ಬಿಳಿ ಅಂಗಿ. ಮುಂದೆ ಒಂದು ಲಿಂಬು ಸೋಡಾ. ನಾನು ಅವರನ್ನು ನೋಡಿದ್ದು ಹಾಡಲು ಶುರು ಮಾಡಿದ ಮೇಲೆ. ನಿಲ್ಲಿಸಬಹುದಿತ್ತು, ಮೊದಲಿಂದ ಗುರುಸ್ತುತಿ ಎತ್ತಬಹುದಿತ್ತು. ಬೆರಳುಗಳು ತಮ್ಮಷ್ಟಕ್ಕೆ ಹಾರ್ಮೋನಿಯಂ ಮೇಲೆ ಓಡುತ್ತಿದ್ದವು. ಸುತ್ತ ಬಿಯರಿನ ಗ್ಲಾಸುಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ನಾಲ್ಕೂ ಪದ ಹಾಡಿ ಮುಗಿಸಿದೆ.

ಕೆಳಗಿಳಿದು ಅವರ ಹತ್ತಿರ ಹೋದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೂ ಇತ್ತು. ಅವರು ಟೇಬಲ್ಲುಗಳ ಕಡೆ ನೋಡುತ್ತಿದ್ದರು.

"ಚಲೋ ಹಾಡಿದಿ ತಮ್ಮಾ," ಎಂದರು. "ಒಂದು ಟೇಬಲ್ಲೂ ಖಾಲಿ ಇಲ್ಲ ನೋಡು. ಎಲ್ಲಾರೂ ಎರಡನೇದು ತರ್ಸಾಕತ್ತಾರ."

ಚುಚ್ಚಿ ಹೇಳಿದ್ದಲ್ಲ. ನನಗೆ ಅವರ ದನಿ ಗೊತ್ತು. ಬಾರು ನಡೆಸಿದ ಮನುಷ್ಯ ಇನ್ನೊಂದು ಬಾರು ಚೆನ್ನಾಗಿ ನಡೆಯುವುದನ್ನು ನೋಡಿ ಹೇಳಿದ ಮಾತು ಅದು. ಕಾಕು ಹೇಗಿದ್ದಾರೆ ಎಂದು ಕೇಳಿದೆ. ಚಲೋ ಇದ್ದಾಳೆ, ನಿನ್ನ ಪದಗಳನ್ನು ನೆನೆಸುತ್ತಿರುತ್ತಾಳೆ ಎಂದರು. ಆಮೇಲೆ ಪರ್ವರಿಯ ಬಸ್ಸು ತಪ್ಪುತ್ತದೆ ಎಂದು ಎದ್ದರು. ನಾನು ರಸ್ತೆಯ ತನಕ ಹೋದೆ. ಬಸ್ಸು ಬಂತು.

ಅವರು ತೀರಿಕೊಂಡು ಈಗ ಮೂರು ವರ್ಷವಾಗಿದೆ. ನನಗೆ ಗೊತ್ತಾದದ್ದು ಹೋದ ವರ್ಷ, ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಬಂದ ಚಾಚಾನ ಮಗನಿಂದ. ಪರ್ವರಿಯಲ್ಲೇ ಹೋದರಂತೆ, ಕಾಕು ಊರಿಗೆ ಹೋದರಂತೆ. ನಾನು ಅವನಿಗೆ ಎರಡು ಪ್ರತಿ ಕೊಟ್ಟೆ, ದುಡ್ಡು ಬೇಡವೆಂದೆ, ಮಶಿನ್ನಿಗೆ ಹೊಸ ಕಾಗದ ತುಂಬಿದೆ. ಅಳು ಬರಬಹುದೆಂದು ಅಂಗಡಿಯ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತೆ, ಬರಲಿಲ್ಲ. ಇಂದಿಗೂ ಬಂದಿಲ್ಲ. ಈಗ ಹಾಡುವುದನ್ನು ಬಿಟ್ಟಿದ್ದೇನೆ. ಸೋಮವಾರದ ಭಜನೆಗೆ ಕರೆಯಲು ಬಂದವರಿಗೆ ಗಂಟಲು ಸರಿಯಿಲ್ಲ ಎನ್ನುತ್ತೇನೆ, ಅವರು ನಂಬುತ್ತಾರೆ.

ಅಷ್ಟು ತಿಂಗಳು ನನಗೆ ಊಟ ಹಾಕಿ, ಕೂಲಿ ಕೊ‌ಟ್ಟು, ಬಾರಿನ ತುಂಬ ನನಗೆ ಮರ್ಯಾದೆ ಕೊಡಿಸಿದ ಮನುಷ್ಯ ನನ್ನಲ್ಲಿ ಕೇಳಿದ್ದು ಒಂದೇ ಒಂದು. ಅದನ್ನು ನಾನು ಅವರಿಗೆ ಕೊಡಲಿಲ್ಲ, ಕಲಂಗುಟ್ಟಿನವನಿಗೆ ಕೊಟ್ಟೆ.